ಮೂರು ವರ್ಷದಿಂದ ‘ರೆಫರ್’: ಶಾಲಾ ಮಕ್ಕಳ ಆರೋಗ್ಯ ದಾಖಲೆಯ ಕಥೆ

ಉಡುಪಿ ಕಡೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಟೀಚರ್ ಕಬ್ಬಿಣದ ಕಪಾಟಿನಿಂದ ಆರೋಗ್ಯ ಕಾರ್ಡುಗಳ ಕಟ್ಟು ತೆಗೆದರು. ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಕಾರ್ಡಿನಲ್ಲಿ ಮೂರು ವರ್ಷವೂ ಒಂದೇ ಬರಹ: ‘ದೃಷ್ಟಿ ದೋಷ, ರೆಫರ್’, ಅಂದರೆ ಆಸ್ಪತ್ರೆಗೆ ಕರೆದೊಯ್ದು ತೋರಿಸಿ ಎಂದು. ಕನ್ನಡಕ ಬಂತಾ ಅಂತ ಕೇಳಿದೆ. ‘ಇಲ್ಲ, ಅವಳನ್ನ ಮುಂದಿನ ಬೆಂಚಿಗೆ ಕೂರಿಸಿದ್ದೇವೆ’ ಎಂದರು.

ಶಾಲೆಯಲ್ಲಿ ಮಕ್ಕಳ ತಪಾಸಣೆ ಈ ದೇಶಕ್ಕೆ ಹೊಸದಲ್ಲ. 1909ರಲ್ಲೇ ಬರೋಡಾದಲ್ಲಿ ಶುರುವಾಗಿತ್ತು. 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ಇಂಥ ಸೇವೆ ಇಲ್ಲವೆನ್ನುವಷ್ಟು ಕಡಿಮೆ ಎಂದಿತು. 1960ರಲ್ಲಿ ಇದಕ್ಕೆಂದೇ ಇನ್ನೊಂದು ಸಮಿತಿ ಕೂತಿತು. ಆಮೇಲೆ ದಶಕಗಟ್ಟಲೆ ಅದೇ: ತೂಕ, ಎತ್ತರ, ‘ನಾಲಗೆ ತೋರಿಸು’.

ನಿಜವಾದ ಬದಲಾವಣೆ ಬಂದದ್ದು 2013ರಲ್ಲಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದೊಂದಿಗೆ. ಶಾಲೆಗಳಲ್ಲಿ ಎಲ್ಲರೂ ಅದನ್ನು ‘ಆರ್‌ಬಿಎಸ್‌ಕೆ’ ಅಂತಲೇ ಕರೆಯುವುದು. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರುವ ತಂಡ ವಾಹನದಲ್ಲಿ ಬರುತ್ತದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ. ಹುಟ್ಟಿನಿಂದ 18 ವರ್ಷದವರೆಗೆ, ಹೃದಯದ ರಂಧ್ರದಿಂದ ಹಲ್ಲಿನ ಹುಳುಕಿನವರೆಗೆ 30 ಬಗೆಯ ತೊಂದರೆಗಳನ್ನು ಹುಡುಕುತ್ತಾರೆ. ಒಳ್ಳೆಯ ಯೋಜನೆ, ಅನುಮಾನವೇ ಇಲ್ಲ. ಹೃದಯದ ಆಪರೇಷನ್ ಆಗಿ ಬದುಕಿಕೊಂಡ ಮಕ್ಕಳಿದ್ದಾರೆ.

ಆದರೆ ತಂಡದ ತಿಂಗಳ ವರದಿ ಲೆಕ್ಕದ ವರದಿ. ಎಷ್ಟು ಮಕ್ಕಳನ್ನು ನೋಡಿದರು, ಎಷ್ಟು ಮಂದಿಗೆ ದೋಷ, ಎಷ್ಟು ರೆಫರ್. ಮಗು ಆಸ್ಪತ್ರೆಗೆ ಹೋಯಿತಾ, ಹೋಗಿದ್ದರೆ ಏನಾಯಿತು ಎಂಬ ಸುದ್ದಿ ಕ್ಲಾಸ್ ಟೀಚರಿಗೆ ಬರುವುದು ಅಪರೂಪ. ಅಪ್ಪನಿಗೆ ಒಂದು ದಿನದ ಕೂಲಿ ಬಿಟ್ಟು ತಾಲೂಕು ಆಸ್ಪತ್ರೆಗೆ ಹೋಗಲು ಆಗಲಿಲ್ಲ ಅಂದರೆ ಮುಂದಿನ ವರ್ಷ ಮತ್ತೆ ರೆಫರ್. ಅಲ್ಲದೆ ಈ ತಂಡ ಹೋಗುವುದು ಸರಕಾರಿ ಮತ್ತು ಅನುದಾನಿತ ಶಾಲೆಗೆ. ನಮ್ಮ ಕರಾವಳಿಯಲ್ಲೋ ಬೆಳಗ್ಗೆ ಗಲ್ಲಿಗಲ್ಲಿಗೆ ಖಾಸಗಿ ಶಾಲೆಯ ಹಳದಿ ಬಸ್ಸು.

2020ರಲ್ಲಿ ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಪ್ರತಿ ವಿದ್ಯಾರ್ಥಿಗೂ ಡಿಜಿಟಲ್ ಆರೋಗ್ಯ ದಾಖಲೆ ಎಂಬ ಮಾತು ಅದರಲ್ಲೇ ಇತ್ತು. 2021ರಲ್ಲಿ ಡಿಜಿಟಲ್ ಹೆಲ್ತ್ ಮಿಷನ್ ದೇಶವಿಡೀ ಶುರುವಾಯಿತು, ‘ಆಭಾ’ ಎಂಬ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ ಬಂತು. ಈಗ ಮಗುವಿಗೆ ಆಧಾರ್, ರಾಜ್ಯದ ಶಾಲಾ ದಾಖಲೆಯ ಸ್ಯಾಟ್ಸ್, ಕೇಂದ್ರದ ಶೈಕ್ಷಣಿಕ ದಾಖಲೆಯ ಅಪಾರ್, ಆಭಾ ಅಂತ ನಾಲ್ಕು ನಂಬರು. ಆಧಾರಿನಲ್ಲಿ ಒಂದು ಇನಿಶಿಯಲ್, ಶಾಲೆಯ ರಿಜಿಸ್ಟರಿನಲ್ಲಿ ಇನ್ನೊಂದು ಇದ್ದರೆ ಟೀಚರ್ ಅರ್ಧ ದಿನ ಕಂಪ್ಯೂಟರ್ ಮುಂದೆಯೇ.

ಅಮ್ಮಂದಿರ ಹೆದರಿಕೆ ಬೇರೆ. ಮಗಳಿಗೆ ಫಿಟ್ಸ್ ಬರುತ್ತದೆ ಅಂತ ಎಲ್ಲೋ ದಾಖಲಾದರೆ ಮುಂದೆ ಮದುವೆಗೆ ತೊಂದರೆ ಅಲ್ವಾ? 2023ರ ಮಾಹಿತಿ ರಕ್ಷಣೆ ಕಾಯ್ದೆ 18ರೊಳಗಿನವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. 2025ರ ನಿಯಮಗಳು ಆಸ್ಪತ್ರೆ, ಶಾಲೆಗಳಿಗೆ ಕೆಲವು ವಿನಾಯಿತಿ ಕೊಟ್ಟಿವೆ. ಇದನ್ನು ಅಮ್ಮಂದಿರಿಗೆ ಬಿಡಿಸಿ ಹೇಳುವವರು ಕಡಿಮೆ.

ಕಂಪ್ಯೂಟರ್ ಬೇಡ ಅಂತ ಅಲ್ಲ. ಮಂಗಳೂರಿನಲ್ಲೇ ಒಂದು ಉದಾಹರಣೆ ಇದೆ. 2015ರಲ್ಲಿ ನಗರದ ಮಲೇರಿಯಾ ಕಾರ್ಯಕರ್ತರ ಕೈಗೆ ಟ್ಯಾಬ್ ಬಂತು. ಲ್ಯಾಬಿನಲ್ಲಿ ಪಾಸಿಟಿವ್ ಎಂದು ದಾಖಲಾದರೆ ಆ ಸುದ್ದಿ ಕಾರ್ಯಕರ್ತರ ಟ್ಯಾಬಿಗೆ ಬರುತ್ತಿತ್ತು. ಅವರು ಆ ಮನೆಗೆ ಹೋಗಿ ಮಾತ್ರೆ ನೋಡಿ, ನೀರು ನಿಂತ ಜಾಗ ಹುಡುಕಿ, ಮಾಡಿದ್ದನ್ನು ಬರೆಯಬೇಕಿತ್ತು. ಮುಂದಿನ ವರ್ಷಗಳಲ್ಲಿ ಮಲೇರಿಯಾ ಇಳಿಯಿತು. ಟ್ಯಾಬ್ ಒಂದರಿಂದಲೇ ಇಳಿಯಿತು ಎನ್ನಲಾಗದು. ಆದರೆ ಅಲ್ಲಿ ಮಾಹಿತಿ ಮೇಲೆ ಹೋದದ್ದಷ್ಟೇ ಅಲ್ಲ, ಕೆಳಗೂ ಇಳಿದಿತ್ತು.

ಹೊರಡುವಾಗ ಟೀಚರ್ ಹತ್ತಿರ ಕೇಳಿದೆ: ಹುಡುಗಿ ಜೂನಿನಲ್ಲಿ ಹೈಸ್ಕೂಲಿಗೆ ಹೋಗ್ತಾಳಲ್ಲ, ಈ ಕಾರ್ಡು ಜತೆಗೆ ಹೋಗುತ್ತಾ?

‘ಅಲ್ಲಿ ಟಿ.ಸಿ. ಮಾತ್ರ ಕೇಳ್ತಾರೆ’ ಎಂದು ಕಟ್ಟನ್ನು ಮತ್ತೆ ಕಪಾಟಿಗೆ ಇಟ್ಟರು.