ಹಿಮದ ಬ್ಯಾಕ್ಟೀರಿಯಾಕ್ಕೆ ಬಣ್ಣ ಯಾಕೆ ಬೇಕು?

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಎಂಬ ಕೃತಕ ಬಣ್ಣ ಬೆರೆಸಬಾರದು ಎಂದು ಆದೇಶ ಮಾಡಿತು. ಆಮೇಲೆ ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ನನ್ನಂಥವರಿಗೆ ಒಂದು ಪ್ರಶ್ನೆ ಪದೇ ಪದೇ ಬರುತ್ತಿದೆ: ‘ಬ್ಯಾಕ್ಟೀರಿಯಾದಿಂದ ನೈಸರ್ಗಿಕ ಬಣ್ಣ ಸಿಗುತ್ತಂತಲ್ಲ ಸರ್, ಅದನ್ನೇ ಹಾಕಿದ್ರೆ ಆಯ್ತಲ್ಲ?’ ಸಿಗುತ್ತದೆ, ನಿಜ. ಅದರಲ್ಲೂ ಹಿಮದಲ್ಲಿ ಬದುಕುವ ಬ್ಯಾಕ್ಟೀರಿಯಾಗಳಲ್ಲಿ ಹಳದಿ, ಕಿತ್ತಳೆ, ಕೆಂಪು, ನೇರಳೆ ಎಲ್ಲವೂ ಇವೆ. ಆದರೆ ಆ ಬಣ್ಣ ಅವಕ್ಕೆ ಯಾಕೆ ಬೇಕು ಅಂತ ತಿಳಿಯದೆ ಅದನ್ನು ನಮ್ಮ ತಟ್ಟೆಗೆ ತರುವ ಮಾತಾಡಬಾರದು.

ಕೊರೆಯುವ ಚಳಿಯಲ್ಲಿ ಮೊದಲು ತೊಂದರೆಗೆ ಸಿಗುವುದು ಜೀವಕೋಶದ ಪೊರೆ. ಅದರಲ್ಲಿ ಕೊಬ್ಬು ಇರುತ್ತದೆ. ಡಿಸೆಂಬರ್‌ನಲ್ಲಿ ಮನೆಯ ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಹಾಗೆ ಅದೂ ಬಿಗಿಯಾಗುತ್ತದೆ. ಬಿಗಿಯಾದರೆ ಆಹಾರ ಒಳಗೆ ಬರುವುದೂ ಕಷ್ಟ, ಬೇಡದ್ದು ಹೊರಗೆ ಹೋಗುವುದೂ ಕಷ್ಟ. ಅದಕ್ಕೇ ಈ ಬ್ಯಾಕ್ಟೀರಿಯಾಗಳು ಬೇಗ ಹೆಪ್ಪುಗಟ್ಟದ ಕೊಬ್ಬನ್ನು ಹೆಚ್ಚಿಸಿಕೊಳ್ಳುತ್ತವೆ. ಹಾಗಂತ ಪೊರೆ ತೀರಾ ಸಡಿಲವಾದರೂ ಆಗದು. ಕ್ಯಾರೊಟಿನಾಯ್ಡ್ ಎಂಬ ಬಣ್ಣದ ಅಣುಗಳು ಪೊರೆಯೊಳಗೆ ಸೇರಿಕೊಂಡು ಆ ಹದ ಕಾಯುತ್ತವೆ. ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರವಾದ ಸಿಸಿಎಂಬಿಯ ವಿಜ್ಞಾನಿಗಳು ಅಂಟಾರ್ಟಿಕಾದ ಮೈಕ್ರೊಕಾಕಸ್ ರೋಸಿಯಸ್ ಬ್ಯಾಕ್ಟೀರಿಯಾದ ಮೇಲೆ ಇದನ್ನೇ ಅಧ್ಯಯನ ಮಾಡಿದ್ದಾರೆ.

ಬಿಸಿಲಿನ ಕಾಟವೂ ಇದೆ. ಹಿಮ ಬೆಳಕನ್ನು ಹಿಂದಕ್ಕೆ ಎರಚುತ್ತದೆ, ಅತಿನೇರಳೆ ಕಿರಣ ಎರಡು ಕಡೆಯಿಂದ ಬೀಳುತ್ತದೆ. ತಣ್ಣೀರಿನಲ್ಲಿ ಆಮ್ಲಜನಕವೂ ಜಾಸ್ತಿ ಕರಗಿರುತ್ತದೆ. ಎರಡೂ ಸೇರಿದಾಗ ಆಮ್ಲಜನಕದ ಉಗ್ರ ರೂಪಗಳು ಹುಟ್ಟಿ ಕೋಶವನ್ನು ಹಾಳುಮಾಡುತ್ತವೆ. ಅವನ್ನು ತಣಿಸುವುದೂ ಇದೇ ಕ್ಯಾರೊಟಿನಾಯ್ಡ್.

ಒಂದು ಮಾತು. ಹಿಮದ ಮೇಲೆ ಕಂಡ ಕೆಂಪೆಲ್ಲ ಬ್ಯಾಕ್ಟೀರಿಯಾದ್ದಲ್ಲ. ಕಲ್ಲಂಗಡಿ ಬಣ್ಣದ ಹಿಮಕ್ಕೆ ಕಾರಣ ಪಾಚಿ. ಅಂಟಾರ್ಟಿಕಾದ ‘ಬ್ಲಡ್ ಫಾಲ್ಸ್’ ಕೆಂಪಾಗಿರುವುದು ಕಬ್ಬಿಣದಿಂದ.

ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕೆಂಪೂ ಕ್ಯಾರೊಟಿನಾಯ್ಡ್ ಮನೆತನದ್ದೇ. ಅದರಲ್ಲಿರುವ ಕ್ಯಾಪ್ಸಾಂಥಿನ್‌ನಲ್ಲಿ 40 ಇಂಗಾಲದ ಪರಮಾಣುಗಳಿವೆ. ಆರ್ತ್ರೊಬ್ಯಾಕ್ಟರ್ ಅಜಿಲಿಸ್ ಎಂಬ ಚಳಿಯ ಬ್ಯಾಕ್ಟೀರಿಯಾದ ಬ್ಯಾಕ್ಟೀರಿಯೊರುಬೆರಿನ್ ಎಂಬ ಕೆಂಪು ಬಣ್ಣದಲ್ಲಿ 50. ಎರಡಕ್ಕೂ ವೈರಿಗಳು ಅವೇ: ಬಿಸಿ, ಬೆಳಕು, ಗಾಳಿ. ಬ್ಯಾಡಗಿಯಲ್ಲಿ ಕಾಯಿಯ ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕುವುದು ಸುಮ್ನೆ ಅಲ್ಲ. ಲ್ಯಾಬಿನಲ್ಲಿ ನಾವು ಟ್ಯೂಬಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತುವುದೂ ಅದಕ್ಕೇ.

ಬಣ್ಣ ತೆಗೆಯುವ ಕೆಲಸ ನೋಡಲು ಚಂದ. ಬೆಳೆದ ಬ್ಯಾಕ್ಟೀರಿಯಾವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಟ್ಯೂಬಿನ ತಳದಲ್ಲಿ ಕೆಂಪು ಮುದ್ದೆ ಕೂರುತ್ತದೆ. ಮೇಲಿನ ನೀರು ಚೆಲ್ಲಿ, ಮೆಥನಾಲ್ ಹಾಕಿ ಅಲ್ಲಾಡಿಸಬೇಕು. ಸ್ವಲ್ಪ ಹೊತ್ತಿನಲ್ಲಿ ಬಣ್ಣವೆಲ್ಲ ಮೆಥನಾಲ್‌ಗೆ ಇಳಿದು, ಮುದ್ದೆ ಬಿಳಿಚಿಕೊಳ್ಳುತ್ತದೆ. ಆ ಕೆಂಪು ದ್ರವವನ್ನು, ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೊಫೋಟೊಮೀಟರಿನಲ್ಲಿಟ್ಟರೆ ಪರದೆಯ ಮೇಲೆ ಮೂರು ಗುಡ್ಡ ಮೂಡುತ್ತವೆ, ನಡುವಿನದು 500 ನ್ಯಾನೊಮೀಟರ್ ಆಸುಪಾಸು. ಮೂರೂ ಚೊಕ್ಕವಾಗಿ ಬಂದ ದಿನ ನನ್ನ ವಿದ್ಯಾರ್ಥಿಗಳಿಗಿಂತ ನನಗೇ ಖುಷಿ ಜಾಸ್ತಿ.

ಈಗ ತಟ್ಟೆಯ ವಿಷಯ. ಜಾಂಥಿನೊಬ್ಯಾಕ್ಟೀರಿಯಂ ಲಿವಿಡಂ ಎಂಬ ಬ್ಯಾಕ್ಟೀರಿಯಾ ಹಿಮನದಿಗಳಲ್ಲೂ ಸಿಗುತ್ತದೆ, ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಕೆಲವು ಸಾಲಮಾಂಡರ್‌ಗಳ ಚರ್ಮದ ಮೇಲೂ ಇರುತ್ತದೆ. ಅದರ ನೇರಳೆ ಬಣ್ಣ ವಯೊಲಸೀನ್. ಸಾಲಮಾಂಡರ್‌ಗೆ ತಗಲುವ ಶಿಲೀಂಧ್ರವನ್ನು ಈ ಬಣ್ಣವೇ ತಡೆಯುತ್ತದೆ. ಅಂದರೆ ಇದು ಬ್ಯಾಕ್ಟೀರಿಯಾದ ಆಯುಧ. ಸೆರೇಶಿಯಾ ಎಂಬ ಬ್ಯಾಕ್ಟೀರಿಯಾದ ಕೆಂಪು ಬಣ್ಣ ಪ್ರೊಡಿಜಿಯೊಸಿನ್ ಕೂಡ ಹಾಗೇ, ಬೇರೆ ಜೀವಕೋಶಗಳನ್ನು ಕೊಲ್ಲುವ ಶಕ್ತಿ ಅದಕ್ಕಿದೆ. ಇಂಥದ್ದನ್ನು ‘ನೈಸರ್ಗಿಕ’ ಅನ್ನುವ ಒಂದೇ ಕಾರಣಕ್ಕೆ ಮಕ್ಕಳ ತಿಂಡಿಗೆ ಹಾಕಲು ನಾನು ಒಪ್ಪುವುದಿಲ್ಲ. ವಿಷ ಪರೀಕ್ಷೆ ಮುಗಿದು ಆಹಾರ ಸುರಕ್ಷತಾ ಪ್ರಾಧಿಕಾರ ಅನುಮತಿ ಕೊಡುವವರೆಗೆ ಅದು ಲ್ಯಾಬಿನಲ್ಲೇ ಇರಲಿ. ಗೋಬಿ ಕೆಂಪಗೇ ಆಗಬೇಕೆಂದರೆ ಬ್ಯಾಡಗಿ ಪುಡಿ ಇದೆಯಲ್ಲ!

ಖರ್ಚೂ ಸಣ್ಣದಲ್ಲ. ಈ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುತ್ತವೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ದೊಡ್ಡ ಟ್ಯಾಂಕುಗಳನ್ನು ಹಗಲೂ ರಾತ್ರಿ ತಂಪಾಗಿ ಇಟ್ಟರೆ ಕರೆಂಟ್ ಬಿಲ್ ಎಷ್ಟು ಬಂದೀತು? ಅದಕ್ಕೇ ವಯೊಲಸೀನ್ ತಯಾರಿಸುವ 5 ಜೀನ್‌ಗಳನ್ನು ಬೇಗ ಬೆಳೆಯುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಬಣ್ಣ ತೆಗೆಯುವ ದಾರಿಯನ್ನು ವಿಜ್ಞಾನಿಗಳು ಹಿಡಿದಿದ್ದಾರೆ. ನನಗೂ ಅದೇ ಸರಿ ಅನಿಸುತ್ತದೆ.

ಸದ್ಯಕ್ಕೆ ನನಗೆ ಆಸೆ ಇರುವುದು ಬಟ್ಟೆಯ ಮೇಲೆ. ವಯೊಲಸೀನ್ ರೇಷ್ಮೆಗೂ ಹತ್ತಿಗೂ ಹತ್ತುತ್ತದೆ, ಬಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆಯೂ ತಡೆಯುತ್ತದೆ. ತೊಡಕು ಒಂದೇ, ಬಿಸಿಲಿಗೆ ಬಣ್ಣ ಮಾಸುತ್ತದೆ. ಗದಗ-ಬೆಟಗೇರಿಯ ನೇಕಾರರು ಕೇಳಿದರೆ ನಾನು ಹೇಳುವುದು ಇಷ್ಟು: ಸೀರೆಗೆ ಹಾಕುವ ಮೊದಲು ಒಂದು ಲಡಿ ನೂಲಿಗೆ ಬಣ್ಣ ಹಾಕಿ. ಅರ್ಧ ಬಿಸಿಲಿನಲ್ಲಿಡಿ, ಅರ್ಧ ಪೆಟ್ಟಿಗೆಯಲ್ಲಿಡಿ. ಎರಡನ್ನೂ ಸೋಪಿನಲ್ಲಿ ಒಗೆದು, ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಮಗ್ಗಕ್ಕೆ ಏರಿಸುವ ಮಾತು.