ಜೀವನಾಂಶ: ಅರವತ್ತು ದಾಟಿದ ಮೇಲೆ ಈ ಪದದ ಅರ್ಥ

ಶಿರಸಿ ಹತ್ತಿರದ ನಮ್ಮ ಊರಿನಲ್ಲಿ ನನಗೆ ದೊಡ್ಡಮ್ಮ ಆಗಬೇಕಾದ ಒಬ್ಬರಿದ್ದಾರೆ. ವಯಸ್ಸು 63. ಮದುವೆಯಾಗಿ 40 ವರ್ಷ. ಅಷ್ಟೂ ವರ್ಷ ಒಂದೇ ತೋಟದಲ್ಲಿ ದುಡಿದರು. ಕೊಟ್ಟಿಗೆ ಕೆಲಸ, ಬೆಟ್ಟದ ಸೊಪ್ಪು, ಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿಯುವುದು. ಈಗ ತಮ್ಮನ ಮನೆಗೆ ಬಂದಿದ್ದಾರೆ. ವಿಚ್ಛೇದನದ ಮಾತು ನಡೆಯುತ್ತಿದೆ. ಜೀವನಾಂಶ ಕೇಳಿ ಅಂತ ಹೇಳಿದೆ. ಅವರು ಅಂದಿದ್ದು ಇಷ್ಟೇ: “ತಮಾ, ಯಂಗೆ ಅವರ ಭಿಕ್ಷೆ ಬ್ಯಾಡ.”

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಪದವನ್ನೇ ಒಮ್ಮೆ ಬಿಡಿಸಿ ನೋಡೋಣ.

ಜೀವನ, ಅಂಶ. ಅಂಶ ಅಂದರೆ ಪಾಲು. ಬದುಕಲು ಬೇಕಾದ ಪಾಲು. ಮರಾಠಿಯಲ್ಲಿ ಇದಕ್ಕೆ ಪೋಟಗಿ ಅನ್ನುತ್ತಾರೆ. ಪೋಟ್ ಅಂದರೆ ಹೊಟ್ಟೆ, ಕಾರವಾರದ ಕೊಂಕಣಿಯಲ್ಲೂ ಹಾಗೆಯೇ. ಇಂಗ್ಲಿಷಿನ ಅಲಿಮನಿ ಪದದ ಲ್ಯಾಟಿನ್ ಬೇರಿಗೂ ಉಣಿಸು, ಸಾಕು ಎಂದೇ ಅರ್ಥ. ಎರಡೂ ಕಡೆ ಹೊಟ್ಟೆಯ ಮಾತೇ ಇದೆ. ನಮ್ಮ ಪದದಲ್ಲಿ ‘ಪಾಲು’ ಸೇರಿಕೊಂಡಿದೆ. ನನಗೆ ಅದು ತುಂಬಾ ಇಷ್ಟ. ದೊಡ್ಡಮ್ಮನಿಗೆ ನಾನು ಹೇಳಬೇಕಿದ್ದುದೂ ಅದನ್ನೇ.

ಹೊಟ್ಟೆ ಅಂದರೆ ಬರೀ ಊಟ ಅಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956 ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಊಟ, ಬಟ್ಟೆ, ವಾಸ, ಶಿಕ್ಷಣ, ಔಷಧೋಪಚಾರ. ವಯಸ್ಸಾದವರಿಗೆ ಇದರಲ್ಲಿ ವಾಸ ಮತ್ತು ಔಷಧ ಎರಡೇ ದೊಡ್ಡ ಖರ್ಚು. ಮೂವತ್ತರ ಹೆಣ್ಣುಮಗಳು ಒಂದು ಕೆಲಸ ಹುಡುಕಿಕೊಂಡಾಳು. ಅರವತ್ಮೂರಕ್ಕೆ, ಮಂಡಿನೋವು ಇಟ್ಟುಕೊಂಡು, ಹೊಸದಾಗಿ ಏನು ಶುರು ಮಾಡುವುದು?

ಈ ಪ್ರಶ್ನೆಯನ್ನು ದೇಶದ ಮುಂದಿಟ್ಟವರು ಇಂದೋರಿನ ಶಾ ಬಾನೋ. ಮದುವೆಯಾಗಿದ್ದು 1932ರಲ್ಲಿ. 1975ರಲ್ಲಿ ಗಂಡ ಮನೆಯಿಂದ ಹೊರಹಾಕಿದರು, 1978ರಲ್ಲಿ ತಲಾಖ್ ಕೊಟ್ಟರು. ಆಗ ಆಕೆಗೆ 62 ವರ್ಷ. ಗಂಡ ವಕೀಲರು. ಆದರೂ ಮ್ಯಾಜಿಸ್ಟ್ರೇಟ್ ಕೋರ್ಟ್ ಕೊಟ್ಟಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. 1985ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲಿನ ರಾಜಕೀಯ ಎಲ್ಲರಿಗೂ ನೆನಪಿದೆ. ನಲವತ್ಮೂರು ವರ್ಷ ಸಂಸಾರ ಮಾಡಿದ ಅಜ್ಜಿಯೊಬ್ಬಳು ಅಷ್ಟು ಚಿಲ್ಲರೆಗೆ ಏಳು ವರ್ಷ ಕೋರ್ಟು ಅಲೆದಳು ಅನ್ನುವುದು ಮರೆತುಹೋಗಿದೆ. ಮುಸ್ಲಿಂ ಮಹಿಳೆಗೂ ಈ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೆ ಹೇಳಿದೆ.

ಆಕೆ ಹೋದ ದಾರಿ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಧರ್ಮ ಯಾವುದೇ ಇರಲಿ, ತನ್ನನ್ನು ತಾನು ಸಾಕಿಕೊಳ್ಳಲಾಗದ ಹೆಂಡತಿ ಇಲ್ಲಿ ಕೇಳಬಹುದು. ಮರುಮದುವೆಯಾಗದ ವಿಚ್ಛೇದಿತೆಯೂ ಕೇಳಬಹುದು. ತಾನು ಈಗ ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಗಂಡನ ಊರಿಗೆ ಓಡಾಡಬೇಕಿಲ್ಲ. ಹಣ ಬಾಕಿ ಉಳಿದರೆ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಕೊಡಬೇಕು. ‘ಇವತ್ತಲ್ಲ ನಾಳೆ ಕೊಡ್ತಾರೆ’ ಅಂತ ಸುಮ್ನೆ ಕೂತರೆ ಹಳೆಯ ಬಾಕಿ ಕೈತಪ್ಪುತ್ತದೆ.

ಇನ್ನೊಂದು ದಾರಿ ಹಿಂದೂ ವಿವಾಹ ಕಾಯ್ದೆ, 1955ರ 25ನೇ ಕಲಂ. ವಿಚ್ಛೇದನದ ತೀರ್ಪಿನ ಜೊತೆಗೋ ಆಮೇಲೋ ಕೊಡುವ ಶಾಶ್ವತ ಜೀವನಾಂಶ ಇದು. ಗಂಡ ಹೆಂಡತಿ ಯಾರು ಬೇಕಾದರೂ ಕೇಳಬಹುದು. ಒಂದೇ ಗಂಟಾಗಿ ಕೊಡಬಹುದು, ತಿಂಗಳು ತಿಂಗಳು ಕೊಡಬಹುದು. ಪರಿಸ್ಥಿತಿ ಬದಲಾದರೆ ಮೊತ್ತವನ್ನೂ ಬದಲಿಸಬಹುದು. ಕರಾವಳಿಯ, ಶಿರಸಿಯ ಕ್ರೈಸ್ತ ಕುಟುಂಬಗಳಿಗೆ 1869ರ ವಿಚ್ಛೇದನ ಕಾಯ್ದೆಯಲ್ಲಿ ಇಂಥದೇ ಅವಕಾಶವಿದೆ.

ಕಾರವಾರದ ಕಡೆ ಒಂದು ತಪ್ಪು ತಿಳುವಳಿಕೆ ಜಾಸ್ತಿ. ಕಾಳಿ ನದಿ ದಾಟಿ ಸ್ವಲ್ಪ ಹೋದರೆ ಗೋವಾ ಅಲ್ವಾ, ಅಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ನಡೆಯುತ್ತದೆ. ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಜಂಟಿ, ಇಬ್ಬರಿಗೂ ಅರ್ಧರ್ಧ. ಅಲ್ಲಿನ ನೆಂಟರಿಂದ ಇದನ್ನು ಕೇಳಿದವರು ಇಲ್ಲೂ ಹಾಗೇ ಅಂದುಕೊಳ್ಳುತ್ತಾರೆ. ಇಲ್ಲಿ ಹಾಗಿಲ್ಲ. ಗಂಡನ ಹೆಸರಿನ ತೋಟ ವಿಚ್ಛೇದನವಾದರೂ ಗಂಡನದೇ. ಹೆಂಡತಿಯ ನಲವತ್ತು ವರ್ಷದ ದುಡಿಮೆ ಯಾವ ಪಹಣಿಯಲ್ಲೂ ಇರುವುದಿಲ್ಲ. ಹಾಗಾಗಿಯೇ ಜೀವನಾಂಶ ಅನ್ನುವ ಪದ ಇಲ್ಲಿ ಇಷ್ಟು ಭಾರ ಹೊರಬೇಕಾಗಿದೆ. ಅವಳ ಚಿನ್ನ, ತವರಿನವರು ಕೊಟ್ಟಿದ್ದು, ಅವಳಿಗೆ ಉಡುಗೊರೆ ಬಂದಿದ್ದು ಸ್ತ್ರೀಧನ. ಅದು ಅವಳದೇ. ಅದನ್ನು ಜೀವನಾಂಶದ ಜೊತೆ ಕಲಸಬಾರದು.

ಹಾಗಾದರೆ ಎಷ್ಟು ಕೊಡುತ್ತಾರೆ? ಇದಕ್ಕೆ ಸಿದ್ಧ ಲೆಕ್ಕವಿಲ್ಲ. ಗಂಡನ ಸಂಬಳದ ಶೇಕಡಾ 25 ಅನ್ನುವ ಮಾತು 2017ರ ಒಂದು ತೀರ್ಪಿನಿಂದ ಬಂದಿದ್ದು, ಅದೇ ಎಲ್ಲರಿಗೂ ನಿಯಮ ಅಲ್ಲ. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಾರಿ ಹಾಕಿಕೊಟ್ಟಿತು. ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ವಯಸ್ಸು, ಎಷ್ಟು ವರ್ಷದ ಸಂಸಾರ, ಮನೆಗಾಗಿ ಬಿಟ್ಟುಕೊಟ್ಟ ಕೆಲಸ, ಎಲ್ಲವನ್ನೂ ನೋಡಬೇಕು. ನಮ್ಮ ಕಡೆಯವರಿಗೆ ಬಹಳ ಮುಖ್ಯವಾದದ್ದು, ಕೃಷಿಕರಿಗೆ ಬೇರೆಯೇ ನಮೂನೆ ಮಾಡಿದ್ದಾರೆ. ಎಷ್ಟು ಜಮೀನು, ಯಾವ ಬೆಳೆ ಎಂದು ಅಲ್ಲಿ ಬರೆಯಬೇಕು. ‘ನಂಗೆ ಸಂಬಳ ಇಲ್ಲ’ ಎಂಬ ಮಾತು ಅಡಿಕೆ ಬೆಳೆಗಾರರ ಬಾಯಲ್ಲಿ ನಿಲ್ಲುವುದಿಲ್ಲ. ಸೊಸೈಟಿಗೆ ಹಾಕಿದ ಅಡಿಕೆಯ ಲೆಕ್ಕ ಸೊಸೈಟಿಯಲ್ಲೇ ಇರುತ್ತದೆ. ಪಿಂಚಣಿ, ಬಾಡಿಗೆ, ಠೇವಣಿಯ ಬಡ್ಡಿ ಎಲ್ಲವೂ ಆದಾಯವೇ. ಗಂಡನಿಗೂ ವಯಸ್ಸಾಗಿದೆ, ಅವರಿಗೂ ಔಷಧದ ಖರ್ಚಿದೆ. ಕೋರ್ಟ್ ಅದನ್ನೂ ತೂಗುತ್ತದೆ, ತೂಗಬೇಕು.

ಮೀನು ಮಾರಿ ನಾಲ್ಕು ಕಾಸು ಸಂಪಾದಿಸುವ ಅಂಕೋಲೆಯ ಹೆಂಗಸಿಗೂ ಹಕ್ಕಿದೆಯೇ? ಇದೆ. ಪೂರ್ತಿ ನಿರ್ಗತಿಕಳಾಗಿರಬೇಕು ಅಂತೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಸಂಪಾದನೆ ಬದುಕಿಗೆ ಸಾಕಾಗುತ್ತದೆಯೇ ಅನ್ನುವುದಷ್ಟೇ ಪ್ರಶ್ನೆ.

ಇಳಿವಯಸ್ಸಿನ ವಿಚ್ಛೇದನದಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. ಕೊಡುವವರಿಗೂ ಎಪ್ಪತ್ತು. ನಾಳೆ ಅವರೇ ಇಲ್ಲದಿದ್ದರೆ? ವಿಚ್ಛೇದಿತೆ ವಾರಸುದಾರಳಲ್ಲ. ಗಂಡ ಸರ್ಕಾರಿ ನೌಕರರಾಗಿದ್ದರೆ ಬರಬೇಕಿದ್ದ ಕುಟುಂಬ ಪಿಂಚಣಿಯೂ ಅವಳಿಗಿಲ್ಲ. ಆದ್ದರಿಂದ ತಿಂಗಳ ದುಡ್ಡಿಗೆ ಒಪ್ಪುವ ಮೊದಲು ಎರಡು ಸಲ ಯೋಚಿಸಬೇಕು. ಒಂದೇ ಗಂಟು ಸಿಕ್ಕರೆ ಇಳಿವಯಸ್ಸಿನಲ್ಲಿ ಅದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಇಲ್ಲವಾದರೆ 25ನೇ ಕಲಂನಲ್ಲೇ ಇನ್ನೊಂದು ಅನುಕೂಲ ಇದೆ: ಜೀವನಾಂಶವನ್ನು ಗಂಡನ ಸ್ಥಿರಾಸ್ತಿಯ ಮೇಲೆ ಭಾರವಾಗಿ ಹಾಕಿಸಬಹುದು. ನಮ್ಮಲ್ಲಿ ಇದಕ್ಕೆ ಬೋಜಾ ಅನ್ನುತ್ತಾರೆ, ಬ್ಯಾಂಕ್ ಸಾಲಕ್ಕೆ ಪಹಣಿಯಲ್ಲಿ ಕೂರಿಸುತ್ತಾರಲ್ಲ, ಅದೇ. ವಿಚ್ಛೇದನವೇ ಬೇಡ, ಬೇರೆ ಇದ್ದರೆ ಸಾಕು ಅನ್ನುವ ಹಿಂದೂ ಹೆಂಡತಿಗೆ 1956ರ ಕಾಯ್ದೆಯ 18ನೇ ಕಲಂ ಇದೆ. ಕ್ರೌರ್ಯ, ಮನೆಯಿಂದ ಬಿಟ್ಟುಹಾಕಿದ್ದು, ಇಂಥ ಕಾರಣವಿದ್ದರೆ ಹೆಂಡತಿಯಾಗಿ ಉಳಿದೇ ಬೇರೆ ಮನೆ, ಜೀವನಾಂಶ ಎರಡನ್ನೂ ಕೇಳಬಹುದು.

ಒಂದು ಎಚ್ಚರಿಕೆ ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಊರಿನ ಹಿರಿಯರು ಕೂತು, ಛಾಪಾ ಕಾಗದದ ಮೇಲೆ ‘ಇಬ್ಬರೂ ಒಪ್ಪಿ ಬೇರೆ ಇರುತ್ತೇವೆ’ ಎಂದು ಬರೆಸಿ ಸಹಿ ಹಾಕಿಸುವುದುಂಟು. ಹಿಂದೂ ವಿವಾಹ ಕಾಯ್ದೆಯ ಮದುವೆಗೆ ಅಂಥ ಕಾಗದದಿಂದ ವಿಚ್ಛೇದನ ಆಗುವುದಿಲ್ಲ. ಆದರೆ ಪರಸ್ಪರ ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನ ಜೀವನಾಂಶ ಇಲ್ಲ. ಮುಲಾಜಿಗೆ ಬಿದ್ದು ಹಾಕಿದ ಸಹಿ ಹೀಗೆ ಬಾಗಿಲು ಮುಚ್ಚಿಬಿಡಬಹುದು. ಸಹಿಗೆ ಮೊದಲು ವಕೀಲರಿಗೆ ತೋರಿಸಿ. ದುಡ್ಡಿಲ್ಲ ಅಂದರೂ ತೊಂದರೆಯಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100.

ಇಷ್ಟನ್ನೂ ದೊಡ್ಡಮ್ಮನ ಎದುರು ಕೂತು ನಿಧಾನವಾಗಿ ಹೇಳಿದೆ. ಪಾಲು ಅನ್ನುವ ಮಾತು ಬಂದಾಗ ಅವರು ಸುಲಿಯುತ್ತಿದ್ದ ಅಡಿಕೆಯನ್ನು ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡರು. ಆಮೇಲೆ ಕೇಳಿದರು, “ಬೋಜಾ ಪಹಣಿಯಲ್ಲಿ ಯಾವ ಜಾಗದಲ್ಲಿ ಬತ್ತು, ತೋರ್ಸು.” ನಾನು ಮೊಬೈಲ್ ತೆಗೆದು ಪಹಣಿಯ 11ನೇ ಕಾಲಂ ತೋರಿಸಿದೆ.