ಚೂನಿಬ್ಯೋ ಅಂದರೆ ನಾಚಿಕೆಯಲ್ಲ

ಅನಿಮೆಯ, ಅಂದರೆ ಜಪಾನಿನ ಕಾರ್ಟೂನ್ ಸರಣಿಯ, ಕ್ಲಾಸ್‌ರೂಮಿನಲ್ಲಿ ಯಾರಾದರೂ ಮಾತಾಡಲು ತಡವರಿಸಿದರೆ ಸಾಕು, ‘ಚೂನಿಬ್ಯೋ’ ಅಂತ ಹಣೆಪಟ್ಟಿ ಹಚ್ಚಿಬಿಡುತ್ತಾರೆ. ತಡವರಿಸುವವರಿಗೆ ಜಪಾನಿನಲ್ಲಿ ಬೇರೆಯೇ ಮಾತಿದೆ: ‘ಕೊಮ್ಯುಶೋ’. ಚೂನಿಬ್ಯೋ ಅಂದರೆ ತಾನು ಎಲ್ಲರಂತಲ್ಲ, ವಿಶೇಷ ಎಂದು ಮೆರೆಯುವ ಹದಿಹರೆಯದ ಹುಚ್ಚು. ಅದು ಹತ್ತಿದವರು ಬಾಯಿ ಮುಚ್ಚುವುದೇ ಇಲ್ಲ, ತೊಂದರೆ ಇರುವುದೇ ಅಲ್ಲಿ.

‘ಚೂ’ ಅಂದರೆ ಚೂಗಕ್ಕೊ, ಮಿಡ್ಲ್ ಸ್ಕೂಲು. ‘ನಿ’ ಅಂದರೆ ನಿನೆನ್, ಎರಡನೇ ವರ್ಷ. ‘ಬ್ಯೋ’ ಕಾಯಿಲೆ. ವಯಸ್ಸು 13-14, ನಮ್ಮ ಲೆಕ್ಕದಲ್ಲಿ ಎಂಟನೇ ಕ್ಲಾಸು. ಈ ಪದ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, 1999ರಲ್ಲಿ ಹಾಸ್ಯಗಾರ ಇಜುಯಿನ್ ಹಿಕಾರು ನಡೆಸುತ್ತಿದ್ದ ರೇಡಿಯೊ ಕಾರ್ಯಕ್ರಮದಲ್ಲಿ. ಹಾಗಾಗಿ ‘ರೋಗ’, ‘ಸಿಂಡ್ರೋಮ್’ ಅಂತ ಅನುವಾದಿಸಿ ಗಂಭೀರವಾಗಿ ಚರ್ಚಿಸುವುದು ವ್ಯರ್ಥ. ಸಿನಿಮಾ ಹುಚ್ಚು, ಕ್ರಿಕೆಟ್ ಹುಚ್ಚು ಅನ್ನುತ್ತೇವಲ್ಲ, ಇದೂ ಅಂಥದ್ದೇ, ಎಂಟನೇ ಕ್ಲಾಸಿನ ಹುಚ್ಚು.

ಇಂಟರ್ನೆಟ್ಟಿಗೆ ಬಂದ ಮೇಲೆ ಕಾಗುಣಿತವೂ ಕೀಟಲೆಗೆ ಇಳಿಯಿತು. ಮಿಡ್ಲ್ ಸ್ಕೂಲಿನ ಪೋರನನ್ನು ‘ಚೂಬೋ’ ಅಂತ ಹೀಯಾಳಿಸುತ್ತಾರೆ. ಅಡುಗೆಮನೆಗೂ ಅಲ್ಲಿ ಚೂಬೋ ಅಂತಲೇ ಹೆಸರು, ಬರೆಯುವ ಕಾಂಜಿ (ಚೀನೀ ಮೂಲದ ಅಕ್ಷರ) ಮಾತ್ರ ಬೇರೆ. ಆನ್‌ಲೈನ್ ಜಗಳಗಂಟರು ಚೂನಿಬ್ಯೋದಲ್ಲೂ ‘ನಡು’ ಎಂಬರ್ಥದ ಚೂ ತೆಗೆದು ಅಡುಗೆಮನೆಯ ಚೂ ಹಾಕಿದರು. ಆ ಅಕ್ಷರದಲ್ಲಿ ಬರೆದಿದ್ದರೆ ಕುಹಕ ಒಂದು ಚಮಚ ಜಾಸ್ತಿ ಎಂದೇ ತಿಳಿಯಿರಿ.

ಗಾಯವಿಲ್ಲದ ಕೈಗೆ ಬ್ಯಾಂಡೇಜು, ನೆಟ್ಟಗಿರುವ ಕಣ್ಣಿಗೆ ಪಟ್ಟಿ: ಇದು ಒಳಗೆ ಮಂತ್ರಶಕ್ತಿ ಅಡಗಿದೆಯೆಂದು ನಟಿಸುವ ‘ಜಕಿಗನ್’ ಎಂಬ ಒಂದು ಬಗೆ ಮಾತ್ರ. ದೊಡ್ಡವರ ಹಾಗೆ ಕಾಣಲು ಹಾಲು ಸಕ್ಕರೆಯಿಲ್ಲದ ಕಾಫಿಯನ್ನು ಮುಖ ಕಿವುಚಿಕೊಂಡು ಕುಡಿಯುವುದೂ ಚೂನಿಬ್ಯೋನೇ. ಮಂತ್ರಶಕ್ತಿ ಕಡ್ಡಾಯವಲ್ಲ.

ಹಾಸ್ಯದಲ್ಲಿ ಮುಜುಗರ ಪಡುವವನು ಹುಚ್ಚು ಹತ್ತಿದವನಲ್ಲ, ಬಿಟ್ಟವನು. ಕ್ಯೋಟೊ ಅನಿಮೇಶನ್ 2012ರಲ್ಲಿ ಇದೇ ಪದವನ್ನು ಹೆಸರಲ್ಲಿಟ್ಟುಕೊಂಡು ಮಾಡಿದ ಸರಣಿ ನೋಡಿ. ತಾನು ಹಿಂದೆ ‘ಡಾರ್ಕ್ ಫ್ಲೇಮ್ ಮಾಸ್ಟರ್’ ಆಗಿ ಮೆರೆದದ್ದು ಯಾರಿಗೂ ಗೊತ್ತಾಗಬಾರದೆಂದು ಯೂತಾ ದೂರದ ಹೈಸ್ಕೂಲು ಸೇರುತ್ತಾನೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ರಿಕ್ಕಾ ಮೇಲಿನ ಮನೆಯಿಂದ ಹಗ್ಗ ಹಿಡಿದು ಇಳಿದು ಬರುತ್ತಾಳೆ. ಅವಳು ಲೋಕಕ್ಕೆಲ್ಲ ಕೇಳುವಂತೆ ಕೂಗಿದರೂ ಕಿವಿ ಕೆಂಪಾಗುವುದು ಅವನದ್ದು. ರಿಕ್ಕಾ ಅಕ್ಕನೊಡನೆ ಸೆಣಸುವಾಗ ತೆರೆ ತುಂಬ ಆಯುಧ, ಸ್ಫೋಟ. ಕಟ್ ಆದರೆ ತಂಗಿಯ ಕೈಯಲ್ಲಿ ಛತ್ರಿ, ಅಕ್ಕನ ಕೈಯಲ್ಲಿ ಸೌಟು. ಕಟ್ ಅವಸರಕ್ಕೆ ಬಂದರೆ ನಗು ಸತ್ತಂತೆ, ಕಾಳಗವನ್ನು ನೋಡುಗರೂ ಅರೆಗಳಿಗೆ ನಂಬಿರಬೇಕು.

ಯೂತಾ ಮುಚ್ಚಿಡಲು ಹೆಣಗುವುದಕ್ಕೆ ‘ಕುರೊರೆಕಿಶಿ’, ಕಪ್ಪು ಇತಿಹಾಸ, ಅನ್ನುತ್ತಾರೆ. ಅದು 1999ರ ‘ಟರ್ನ್ ಎ ಗುಂಡಮ್’ ಎಂಬ ಅನಿಮೆ ಸರಣಿಯಿಂದ ಬಂದ ಮಾತು. ಹುಚ್ಚು ಇರುವಷ್ಟು ದಿನ ಚೂನಿಬ್ಯೋ, ಬಿಟ್ಟ ಮೇಲೆ ಬೀರುವಿನ ತಳದಲ್ಲಿ ಸಿಗುವ ಮಂತ್ರದ ನೋಟ್‌ಬುಕ್ಕು ಕುರೊರೆಕಿಶಿ.